ಅರ್ಧ ಹಳದಿ ಗೆರೆ

“ಯಾವ ಬೆಸುಗೆ ಬಿಟ್ಟಿತು ಮೇಸ್ತ್ರೀ? ಬೆರಳಿಟ್ಟು ತೋರಿಸಿ.”

ಇನ್‌ಸ್ಪೆಕ್ಟರಮ್ಮ ಗೋಣಿಚೀಲ ಬಿಚ್ಚಿ, ಒಳಗಿದ್ದ ಕಬ್ಬಿಣದ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಳು. ಗಾಡಿಯ ಅಡಿಚೌಕಟ್ಟಿನ, ಮೊಳದುದ್ದದ ಚಾಸಿ ತುಂಡು. ಕಣಿವೆಯಿಂದ ಎತ್ತಿದ ಜೀಪಿನಿಂದ ನಿನ್ನೆಯಷ್ಟೇ ಗ್ಯಾಸ್ ಕಟರಿನಲ್ಲಿ ಕೊಯ್ದು ತೆಗೆಸಿದ್ದು. ಅದು ಕೂತ ಸದ್ದಿಗೆ ಮೇಜಿನ ಮೇಲಿದ್ದ ಚಹಾದ ಲೋಟಗಳು ಕುಣಿದವು.

ಮೇಸ್ತ್ರಿ ಬಾಗಿ ನೋಡಲಿಲ್ಲ. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಅವಳ ಭುಜದಾಚೆ ಎಲ್ಲೋ ದೃಷ್ಟಿಯಿಟ್ಟಿದ್ದ.

“ಬರ್ಕೊಟ್ಟಿದ್ದೀನಲ್ಲಮ್ಮ. ನನ್ನ ಕೆಲಸ ಕೆಟ್ಟಿತು, ಗಾಡಿ ಬಿತ್ತು, ಮನುಷ್ಯ ಹೋದ. ಇನ್ನೇನು ಬೇಕು ನಿಮಗೆ?”

“ಬೆರಳಿಡಿ ಅಂದೆ.”

ಹನ್ನೊಂದು ದಿನದ ಹಿಂದೆ ಗುಡ್ಡದ ಆಸ್ಪತ್ರೆಯ ಜೀಪು ಮೂರನೇ ತಿರುವಿನಲ್ಲಿ ತಿರುಗದೆ ನೇರ ಕಣಿವೆಗೆ ಇಳಿದಿತ್ತು. ಡ್ರೈವರ್ ಒಬ್ಬನೇ ಇದ್ದ, ಅಲ್ಲೇ ತೀರಿಕೊಂಡಿದ್ದ. ಅದಕ್ಕೆ ಎಂಟು ದಿನ ಮೊದಲು ಅದೇ ಜೀಪಿನ ಪವರ್ ಸ್ಟೀರಿಂಗನ್ನು ಗಟ್ಟಿ ಮಾಡಿಕೊಟ್ಟದ್ದು ಗುಡ್ಡದ ಮೇಲಿನ ಈ ವರ್ಕ್‌ಶಾಪು. ಯಾರೂ ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಮೇಸ್ತ್ರಿ ಹೆಗಲು ಮುಟ್ಟಿ ನೋಡಿಕೊಂಡಿದ್ದ. ತಾನಾಗಿ ಸಾರಿಗೆ ಇಲಾಖೆಯ ಕಚೇರಿಗೆ ಬಂದು, ತಪ್ಪೆಲ್ಲ ನನ್ನದೇ ಎಂದು ಬರೆಸಿ, ಹೆಬ್ಬೆಟ್ಟು ಒತ್ತಿ ಹೋಗಿದ್ದ.

ಅದನ್ನು ನಂಬಿಬಿಡುವುದು ಸುಲಭವಿತ್ತು. ಕಚೇರಿಯ ಸಾಹೇಬರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದರು. “ಒಪ್ಕೊಂಡಿದ್ದಾನಲ್ರೀ, ಸಂಜೆಯೊಳಗೆ ಫೈಲು ಮುಚ್ಚಿ” ಎಂದಿದ್ದರು. ಇನ್‌ಸ್ಪೆಕ್ಟರಮ್ಮನಿಗೂ ಮುಚ್ಚಿಬಿಡೋಣ ಅನ್ನಿಸಿತ್ತು. ಇಪ್ಪತ್ತೊಂಬತ್ತು ವರ್ಷ ಬಿದ್ದ ಗಾಡಿಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಸವೆದ ಮೈ ಅದು. ಮಂಡಿ ಮಡಚಿ ಕೂತರೆ ಏಳಲು ಈಗ ಯಾರದಾದರೂ ಕೈ ಬೇಕು. ಊಟದ ಡಬ್ಬಿ ತೆರೆಯದೆ ಬ್ಯಾಗಿನಲ್ಲೇ ಹಳಸುವುದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ತಂಗಿ ಅದನ್ನು ಕೇಳುವುದನ್ನೂ ಬಿಟ್ಟಿದ್ದಳು.

ಆದರೆ ನಿನ್ನೆ ಈ ತುಂಡಿನ ಮಣ್ಣು ತೊಳೆಸಿದಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಬಿದ್ದ ಮೇಲೆ ಬೀಳಲಿಲ್ಲ ಎನ್ನುವ ಹಾಗಿರಲಿಲ್ಲ.

ಮೇಸ್ತ್ರಿ ಕೊನೆಗೂ ಕೈ ಚಾಚಿದ. ಬೆರಳುಗಳು ಮೇಜಿನ ಅಂಚಿನಿಂದ ಹೊರಟು, ತಡವಿಕೊಂಡು, ತುಂಡಿನ ಒರಟು ತುದಿಯೊಂದಕ್ಕೆ ಬಂದು ನಿಂತವು.

“ಇಲ್ಲಿ. ಇಲ್ಲೇ ಬಿಟ್ಟಿದ್ದು. ಬೆಸುಗೆ ಸರಿಯಾಗಿ ಕೂತಿರಲಿಲ್ಲ.”

“ಅದು ನಿನ್ನೆ ನಾವು ಗ್ಯಾಸಿನಲ್ಲಿ ಕೊಯ್ದ ಅಂಚು ಮೇಸ್ತ್ರೀ.”

ಬೆರಳು ಸುಟ್ಟವರಂತೆ ಅವನು ಕೈ ಹಿಂದಕ್ಕೆಳೆದುಕೊಂಡ.

ಇನ್‌ಸ್ಪೆಕ್ಟರಮ್ಮ ಕೋಟಿನ ಜೇಬಿನಿಂದ ಒಂದು ಬೋಲ್ಟು ತೆಗೆದು ಅವನ ಅಂಗೈಯಲ್ಲಿಟ್ಟಳು. “ಇದರ ತಲೆ ಮೇಲೆ ಏನು ನಂಬರ್ ಇದೆ, ಓದಿ.”

“ಹತ್ತು ಪಾಯಿಂಟ್ ಒಂಬತ್ತು,” ಅವನು ಅದರ ಕಡೆ ನೋಡದೆಯೇ ಹೇಳಿದ. “ಗಟ್ಟಿ ಬೋಲ್ಟು. ಸ್ಟೀರಿಂಗಿಗೆ ನಾನು ಬೇರೆ ಹಾಕೋದೇ ಇಲ್ಲ.”

“ಅದು ನಮ್ಮನೆ ಮಂಚದ ಬೋಲ್ಟು. ಅದರ ತಲೆ ಬೋಳು. ಏನೂ ಬರೆದಿಲ್ಲ.”

ಮೂಲೆಯಲ್ಲಿ ತಿರುಗುತ್ತಿದ್ದ ಲೇತ್ ನಿಂತಿತು. ಅಷ್ಟು ಹೊತ್ತು ಅದರ ಸದ್ದು ಇತ್ತೆಂಬುದೇ ಅದು ನಿಂತ ಮೇಲೆ ಗೊತ್ತಾಯಿತು.

“ಅಪ್ಪಾ, ಸಾಕು.”

ಲೇತಿನ ಹಿಂದಿನಿಂದ ಮೇಸ್ತ್ರಿಯ ಮಗಳು ಬಂದಳು. ಮೂವತ್ತೈದರ ಆಸುಪಾಸು. ತೋಳಿನ ತುಂಬ ಬೆಸುಗೆಯ ಕಿಡಿ ಬಿದ್ದ ಚುಕ್ಕೆ ಗಾಯಗಳು, ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗಿದ್ದವು. ಕಣ್ಣ ಕೆಳಗೆ ಮಸಿಯೋ ನಿದ್ದೆಗೇಡೋ ತಿಳಿಯದ ಕಪ್ಪು.

“ನೀನು ಒಳಗೆ ಹೋಗು,” ಎಂದ ಮೇಸ್ತ್ರಿ.

“ಎಲ್ಲಿಗೆ ಹೋಗ್ಲಿ? ಹನ್ನೊಂದು ದಿನದಿಂದ ಒಳಗೇ ಇದ್ದೀನಿ.” ಅವಳು ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿದಳು. “ಮೇಡಂ, ಅಪ್ಪನಿಗೆ ಒಂದೂವರೆ ವರ್ಷದಿಂದ ಕಣ್ಣು ಕಾಣಲ್ಲ. ಬೆಳಕು ಯಾವುದು, ಕತ್ತಲೆ ಯಾವುದು ಅಷ್ಟೇ ಗೊತ್ತಾಗೋದು. ಆ ಜೀಪಿನ ಕೆಲಸ ಪೂರ್ತಿ ನಂದು. ಈ ವರ್ಕ್‌ಶಾಪಲ್ಲಿ ಈಗ ಎಲ್ಲ ಬೆಸುಗೆನೂ ನಂದೇ.”

“ಸುಳ್ಳು ಹೇಳ್ತಾಳೆ ಅಮ್ಮಾ.”

“ಬೋರ್ಡು ಅಪ್ಪನ ಹೆಸರಲ್ಲಿದೆ. ಅಪ್ಪನ ಕೈ ಅಂದ್ರೆ ಜನ ಗಾಡಿ ತಂದು ಬಿಡ್ತಾರೆ. ಗಿರಾಕಿ ಬಂದಾಗ ಇವರು ಬಾನೆಟ್ ತಟ್ಟಿ ಮಾತಾಡ್ತಾರೆ, ಅವರು ಹೋದ್ಮೇಲೆ ನಾನು ಮಾಡ್ತೀನಿ. ಇವರು ಕಚೇರಿಗೆ ಹೋಗಿ ಬರ್ಕೊಟ್ಟು ಬಂದಿದ್ದು ನನಗೆ ಮಾರನೇ ದಿನ ಗೊತ್ತಾಯ್ತು. ಮೂವತ್ತು ವರ್ಷ ಸಹಿ ಹಾಕಿದ ಮನುಷ್ಯ ಹೆಬ್ಬೆಟ್ಟು ಒತ್ತಿದಾಗಲೇ ನಿಮಗೆ ಅನುಮಾನ ಬರ್ಬೇಕಿತ್ತು.”

ಬರಬೇಕಿತ್ತು. ಇನ್‌ಸ್ಪೆಕ್ಟರಮ್ಮ ಅದನ್ನು ಒಳಗೇ ನುಂಗಿಕೊಂಡಳು. ಆ ದಿನ ಅವಳು ಆ ಕಾಗದದ ಮೇಲೆ ಮೊಹರು ಹಾಕಿದ್ದು ಕುರ್ಚಿಯಲ್ಲೇ ತೂಕಡಿಸುತ್ತ.

ಮೇಸ್ತ್ರಿಯ ದವಡೆ ಅಲುಗಿತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರೂ ನಡೆಯುತ್ತಮ್ಮ, ಎಮ್ಮೆ ಮುದಿ ಆಗಿದ್ರೆ. ಅವಳಿಗಿನ್ನೂ ಬಾಳಿದೆ. ಬೆಸುಗೆ ಬಿಡೋದು ಯಾರಿಗೂ ಆಗುತ್ತೆ. ನನಗೂ ಆಗಿದೆ.”

“ಅಂದ್ರೆ ಮಗಳ ಬೆಸುಗೆ ಬಿಟ್ಟಿತು ಅಂತ ನೀವೇ ತೀರ್ಮಾನ ಮಾಡಿಬಿಟ್ರಿ.”

“ಬೇರೆ ಏನಾಗಿರುತ್ತೆ? ಸ್ಟೀರಿಂಗ್ ಬಾಕ್ಸು ಕಿತ್ಕೊಂಡು ಬಂತು ಅಂದ್ರು.”

“ಮತ್ತೆ ನೀನು?” ಇನ್‌ಸ್ಪೆಕ್ಟರಮ್ಮ ಮಗಳನ್ನು ಕೇಳಿದಳು.

ಮಗಳು ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಂಡಳು. “ನಾನೂ ಹಾಗೇ ಅಂದ್ಕೊಂಡೆ. ಗಾಡಿ ನೋಡ್ತೀನಿ ಅಂತ ಎರಡು ಸಲ ನಿಮ್ಮ ಕಚೇರಿಗೆ ಬಂದೆ. ಒಳಗೆ ಬಿಡಲಿಲ್ಲ.”

“ಈಗ ನೋಡು.”

ಇನ್‌ಸ್ಪೆಕ್ಟರಮ್ಮ ಟಾರ್ಚು ಹೊತ್ತಿಸಿ ಅವಳ ಕೈಗೆ ಕೊಟ್ಟಳು. ಮಟಮಟ ಮಧ್ಯಾಹ್ನವಾದರೂ ಆ ಷೆಡ್ಡಿನೊಳಗೆ ಬೆಳಕು ಬಾಗಿಲಿನಿಂದ ನಾಲ್ಕು ಹೆಜ್ಜೆಗಿಂತ ಮುಂದೆ ಬರುತ್ತಿರಲಿಲ್ಲ.

ಮಗಳು ಬಾಗಿದಳು. ಬಹಳ ಹೊತ್ತು ಬಾಗಿಯೇ ಇದ್ದಳು. ಬೆಸುಗೆಯ ಉದ್ದಕ್ಕೂ ಉಗುರು ಎಳೆದಳು, ಪ್ಲೇಟಿನ ಮೂಲೆಗಳನ್ನು ಒತ್ತಿದಳು, ತೂತುಗಳೊಳಗೆ ಕಿರುಬೆರಳು ತೂರಿಸಿದಳು. ಆಮೇಲೆ ಟಾರ್ಚು ಮೇಜಿನ ಮೇಲೆ ಉರುಳಿತು. ಅವಳು ನೆಲಕ್ಕೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಏನಾಯ್ತೇ? ಮಗಾ?” ಮೇಸ್ತ್ರಿ ಗಾಳಿಯಲ್ಲಿ ಕೈಯಾಡಿಸಿದ. “ಏನಾಯ್ತು ಹೇಳೇ!”

“ಬಿಟ್ಟಿಲ್ಲಪ್ಪ,” ಮುಚ್ಚಿದ ಕೈಗಳ ಒಳಗಿನಿಂದ ದನಿ ಬಂತು. “ಬೆಸುಗೆ ಬಿಟ್ಟೇ ಇಲ್ಲ. ಎಲ್ಲ ಹಾಗೇ ಇದೆ. ಹನ್ನೊಂದು ದಿನ ನಾನೇ ಕೊಂದೆ ಅಂದ್ಕೊಂಡಿದ್ನಲ್ಲಪ್ಪ.”

ಮುದುಕ ಸ್ಟೂಲಿನಿಂದ ಇಳಿದು, ದನಿಯ ಜಾಡು ಹಿಡಿದು ಬಂದು, ಮಗಳ ನೆತ್ತಿಯ ಮೇಲೆ ಕೈಯಿಟ್ಟು ನಿಂತ. ಇನ್‌ಸ್ಪೆಕ್ಟರಮ್ಮ ಬಾಗಿಲ ಕಡೆ ಮುಖ ಮಾಡಿ, ತಣ್ಣಗಾದ ಚಹಾ ಕುಡಿದಳು. ಅವರ ಅಳು ಅವರದು. ಅವಳಿಗೆ ಬೇಕಾದದ್ದು ಅದರ ನಂತರ ಬರುವ ಮಾತು.

ಅದು ಬಂತು. ಮಗಳು ಮುಖ ಒರೆಸಿಕೊಂಡು ಎದ್ದು, ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಟಾರ್ಚು ತಾನೇ ಕೈಗೆತ್ತಿಕೊಂಡಳು.

“ಬೆಸುಗೆ ನಿಂತಿದೆ ಅಂದ್ಮೇಲೆ ಬಾಕ್ಸು ಹೇಗೆ ಕಿತ್ಕೊಂಡು ಬಂತು?”

“ಅದನ್ನ ನೀನೇ ಹೇಳ್ಬೇಕು. ಮೊದಲಿಂದ ಹೇಳು, ನನಗೆ ಏನೂ ಗೊತ್ತಿಲ್ಲ ಅಂತ ತಿಳ್ಕೊಂಡು.”

“ಆ ಜೀಪಿಗೆ ದಪ್ಪ ಟೈರು ಹಾಕ್ಸಿದ್ರು, ಕಲ್ಲು ಕೊರಕಲಲ್ಲಿ ಓಡ್ಲಿ ಅಂತ. ಟೈರು ಕಲ್ಲಿನ ಮಧ್ಯೆ ಸಿಕ್ಕಿಕೊಂಡಾಗ ಪವರ್ ಸ್ಟೀರಿಂಗ್ ತನ್ನ ಬಲವೆಲ್ಲ ಹಾಕಿ ತಿರುಗಿಸೋಕೆ ನೋಡುತ್ತೆ. ಟೈರು ತಿರುಗ್ಲಿಲ್ಲ ಅಂದ್ರೆ ಸ್ಟೀರಿಂಗ್ ಬಾಕ್ಸೇ ಚಾಸಿ ಬಿಟ್ಟು ಬರೋಕೆ ಎಳೆಯುತ್ತೆ. ಹಾಗೆ ಎಳೆದೂ ಎಳೆದೂ ಚಾಸಿ ಬಿರುಕು ಬಿಟ್ಟಿತ್ತು. ಬಿರುಕಿನ ಮೇಲೆ ಪ್ಲೇಟು ಬೆಸೆದೆ. ತೂತುಗಳೊಳಗೆ ಉಕ್ಕಿನ ಕೊಳವೆ ಕೂರಿಸಿದೆ. ಬಾಕ್ಸಿನಿಂದ ಎದುರು ಕಡೆ ಚಾಸಿಗೆ ಅಡ್ಡ ಸರಳು ಕೊಟ್ಟೆ. ನಾಲ್ಕು ಹೊಸ ಬೋಲ್ಟು, ಹತ್ತು ಪಾಯಿಂಟ್ ಒಂಬತ್ತು. ಬಿಗಿದು, ಪ್ರತಿಯೊಂದಕ್ಕೂ ಹಳದಿ ಬಣ್ಣದಲ್ಲಿ ಗೆರೆ ಎಳೆದೆ. ಬೋಲ್ಟಿನ ತಲೆಯಿಂದ ಪ್ಲೇಟಿನ ಮೇಲಕ್ಕೆ, ಒಂದೇ ಎಳೆತದಲ್ಲಿ. ಬೋಲ್ಟು ಸಡಿಲಾಗಿ ತಿರುಗಿದ್ರೆ ಗೆರೆ ಮುರಿದು ಕಾಣುತ್ತೆ.”

“ಆ ಗೆರೆ ತೋರಿಸು.”

ಟಾರ್ಚಿನ ಬೆಳಕು ಪ್ಲೇಟಿನ ಮೇಲೆ ನಿಂತಿತು. ನಾಲ್ಕು ತೂತುಗಳ ಪಕ್ಕದಲ್ಲೂ ಉಗುರಿನಷ್ಟುದ್ದದ ಹಳದಿ ಗೆರೆ, ಮಾಸದೆ ಉಳಿದಿತ್ತು. ಇನ್‌ಸ್ಪೆಕ್ಟರಮ್ಮ ಬ್ಯಾಗಿನಿಂದ ಒಂದು ಪೊಟ್ಟಣ ಬಿಚ್ಚಿ, ತುಂಡಾಗಿದ್ದ ನಾಲ್ಕು ಬೋಲ್ಟು ತಲೆಗಳನ್ನು ಸಾಲಾಗಿ ಇಟ್ಟಳು. ಕಣಿವೆಯಲ್ಲಿ, ಸ್ಟೀರಿಂಗ್ ಬಾಕ್ಸಿನ ಸುತ್ತಮುತ್ತ ಎರಡು ದಿನ ತಡಕಿ ಹೆಕ್ಕಿದ್ದವು.

ನಾಲ್ಕೂ ಕಪ್ಪು. ಒಂದರ ಮೇಲೂ ಹಳದಿಯ ಸುಳಿವಿಲ್ಲ.

ಇದೇ ಅವಳ ಕಣ್ಣಿಗೆ ಬಿದ್ದ ಸಂಗತಿ. ಗೆರೆಯ ಅರ್ಧ ಇತ್ತು, ಇನ್ನರ್ಧ ಇರಲಿಲ್ಲ.

“ಇವು ನನ್ನ ಬೋಲ್ಟಲ್ಲ,” ಎಂದಳು ಮಗಳು. ಒಂದನ್ನು ಎತ್ತಿ ಮುರಿದ ಕಡೆ ತಿರುಗಿಸಿದಳು. “ನೋಡಿ, ಮುರಿಯೋ ಮುಂಚೆ ಎಳೆದು ಸೊಂಟ ಸಣ್ಣಗಾಗಿದೆ, ಕಾಯಿಸಿದ ಮೇಣ ಎಳೆದ ಹಾಗೆ. ಮೆತ್ತನೆ ಕಬ್ಬಿಣ. ಬಾಗಿಲ ಚಿಲಕಕ್ಕೆ ಹಾಕೋ ಅಂಥದ್ದು. ತಲೆ ಮೇಲಿನ ನಂಬರ್ ಅರದಲ್ಲಿ ಉಜ್ಜಿ, ಮೇಲೆ ಕಪ್ಪು ಬಣ್ಣ ಹೊಡೆದಿದ್ದಾರೆ. ಯಾರೋ ನಂದು ಬಿಚ್ಚಿ ಇದನ್ನ ಹಾಕಿದ್ದಾರೆ. ನೇರ ರಸ್ತೇಲಿ ಹತ್ತು ದಿನ ಓಡುತ್ತೆ. ಕಡಿದಾದ ತಿರುವಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಹೋಗುತ್ತೆ.”

“ಆಸ್ಪತ್ರೆ ಷೆಡ್ಡಲ್ಲಿ ಯಾರಾದ್ರೂ ಬಿಚ್ಚಿರಬಹುದಾ?”

ಇನ್‌ಸ್ಪೆಕ್ಟರಮ್ಮ ಅದನ್ನು ಕೇಳಿದ್ದು ಕೇಳಬೇಕೆಂದು ಅಷ್ಟೇ. ಆಸ್ಪತ್ರೆಯ ಇನ್ನೊಬ್ಬ ಡ್ರೈವರಿಗೂ ಸತ್ತವನಿಗೂ ಆಗದು ಎಂದು ಮೂರು ಜನ ಹೇಳಿದ್ದರು. ಆದರೆ ಅವನು ಆ ವಾರವಿಡೀ ಮಗುವಿನ ಹಾಸಿಗೆಯ ಪಕ್ಕ ಕೂತಿದ್ದ, ವಾರ್ಡಿನ ನರ್ಸುಗಳೆಲ್ಲ ಸಾಕ್ಷಿ. ಷೆಡ್ ನೋಡಿಕೊಳ್ಳುವವನಿಗೋ ಸ್ಪ್ಯಾನರಿನ ತಲೆ ಯಾವುದು, ಬಾಲ ಯಾವುದು ತಿಳಿಯದು.

ಮಗಳು ಇಲ್ಲವೆಂದು ತಲೆಯಾಡಿಸಿದಳು. “ಮಾಮೂಲಿ ಸ್ಪ್ಯಾನರ್ ಒಳಗೆ ಹೋಗಲ್ಲ ಮೇಡಂ. ಅಡ್ಡ ಸರಳು ಕೊಟ್ಟ ಮೇಲೆ ಮೇಲಿನ ಎರಡು ಬೋಲ್ಟಿಗೆ ಜಾಗನೇ ಇಲ್ಲ. ಅದಕ್ಕೇ ಅಂತ ಒಂದು ಸ್ಪ್ಯಾನರ್ ಕಾಯಿಸಿ, ಬಗ್ಗಿಸಿ ಮಾಡ್ಕೊಂಡಿದ್ದೆ. ಅಗೋ, ಆ ಮೊಳೆಗೆ ನೇತಾಕಿದೆ. ಈ ಷೆಡ್ಡಿಂದ ಹೊರಗೆ ಹೋಗೇ ಇಲ್ಲ.”

ಮೇಸ್ತ್ರಿ ಕೆಮ್ಮಿದ.

ಅದು ಕಫದ ಕೆಮ್ಮಾಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಇನ್‌ಸ್ಪೆಕ್ಟರಮ್ಮ ಆ ಬಗೆಯ ಕೆಮ್ಮನ್ನು ಸಾಕಷ್ಟು ಕೇಳಿದ್ದಳು. ಇನ್ನೊಂದು ಸ್ಟೂಲನ್ನು ಅವನ ಎದುರಿಗೆ ಎಳೆದುಕೊಂಡು ಕೂತಳು. ಮಂಡಿ ಕಟಕ್ಕೆಂದಿತು.

“ಹೇಳಿ ಮೇಸ್ತ್ರೀ.”

“ಏನಿಲ್ಲಮ್ಮ.”

“ಮಗಳನ್ನ ಉಳಿಸೋಕೆ ಜೈಲಿಗೆ ಹೊರಟಿದ್ರಿ. ಈಗ ಜೈಲೂ ಬೇಡ, ಬಾಯಿ ಬಿಟ್ರೆ ಸಾಕು.”

ಮುದುಕ ತನ್ನ ಅಂಗೈಯನ್ನೇ ಉಜ್ಜಿಕೊಳ್ಳುತ್ತ ಕೂತ. ಹೇಳುವುದಕ್ಕೆ ಭಯಕ್ಕಿಂತ ನಾಚಿಕೆಯೇ ಅಡ್ಡ ಬಂದಂತಿತ್ತು.

“ಒಂದು ದಿನ ಹೋಗಿತ್ತು,” ಎಂದ ಕೊನೆಗೆ. “ಇವಳು ಸಾಮಾನು ತರೋಕೆ ಪೇಟೆಗೆ ಹೋಗಿದ್ಲು. ಒಬ್ಬ ಬಂದ. ಆಸ್ಪತ್ರೆ ಜೀಪಿನ ಸ್ಟೀರಿಂಗ್ ಕೆಲಸ ತಪಾಸಣೆ ಮಾಡ್ಬೇಕು, ಬೋಲ್ಟು ಬಿಗಿ ಇದೆಯಾ ನೋಡ್ಬೇಕು, ಮಾಮೂಲಿ ಸ್ಪ್ಯಾನರ್ ಒಳಗೆ ಹೋಗ್ತಿಲ್ಲ, ನೀವು ಹಾಕಿದ್ದನ್ನೇ ಕೊಡಿ ಅಂದ. ತಪಾಸಣೆಗೆ ಕೊಡಲ್ಲ ಅನ್ನೋಕಾಗುತ್ತಾ? ಕೊಟ್ಟೆ. ಬೆಳಗಾಗೋ ಹೊತ್ತಿಗೆ ಕಿಟಕಿ ಕಟ್ಟೆ ಮೇಲಿತ್ತು. ತಂದು ಮೊಳೆಗೆ ಹಾಕಿದೆ.”

“ಅಪ್ಪಾ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ, ಅವನು ಹೇಗಿದ್ದ ಅಂತ ಕೇಳೋರು. ಏನಂತ ಹೇಳ್ಲಿ? ಎದುರಿಗೆ ಮನುಷ್ಯ ನಿಂತಿದ್ದ, ನನಗೆ ಮುಖ ಕಾಣ್ಲಿಲ್ಲ ಅಂತ ಹೇಳ್ಬೇಕಿತ್ತು. ಆಮೇಲೆ ಈ ಬಾಗಿಲಿಗೆ ಯಾರು ಗಾಡಿ ತರ್ತಾರೆ? ನಿನ್ನ ಬೆಸುಗೆನೇ ಬಿಟ್ಟಿತು ಅಂತ ನಂಬಿದ್ದೆ ಮಗಾ. ಸ್ಪ್ಯಾನರ್ ವಿಷಯ ಹೇಳಿ ಏನು ಉಪಯೋಗ ಅಂದ್ಕೊಂಡೆ.”

“ಯಾವತ್ತು ಬಂದಿದ್ದ?” ಇನ್‌ಸ್ಪೆಕ್ಟರಮ್ಮ ಕೇಳಿದಳು.

“ಜೀಪು ಬೀಳೋಕೆ ಹಿಂದಿನ ದಿನ. ಸಾಯಂಕಾಲ.”

“ಯಾರು ಕಳಿಸಿದ್ರು ಅಂದ?”

“ಹೆಸರು ಒಂಥರಾ ಇತ್ತಮ್ಮ, ಅದಕ್ಕೇ ನೆನಪಿದೆ.” ಮುದುಕ ಹಣೆ ಸುಕ್ಕುಗಟ್ಟಿಸಿದ. “ಟಾರ್ಚಮ್ಮ. ‘ಟಾರ್ಚಮ್ಮ ಕಳಿಸಿದ್ದಾರೆ, ಬೇಗ ಕೊಡಿ’ ಅಂದ. ಯಾವುದೋ ದೊಡ್ಡ ಆಫೀಸರ್ ಇರ್ಬೇಕು ಅಂದ್ಕೊಂಡೆ.”

ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಗೇರು ಬದಲಿಸುತ್ತ ಏರು ಹತ್ತಿತು.

ಟಾರ್ಚಮ್ಮ ಎಂದರೆ ಇನ್‌ಸ್ಪೆಕ್ಟರಮ್ಮನೇ. ಹಗಲಲ್ಲೂ ಟಾರ್ಚು ಹಿಡಿದು ಗಾಡಿಗಳ ಕೆಳಗೆ ನುಸುಳುತ್ತಾಳೆಂದು ಕಚೇರಿಯವರು ಇಟ್ಟ ಅಡ್ಡಹೆಸರು. ಹೊರಗಿನ ಒಬ್ಬರಿಗೂ ಅದು ಗೊತ್ತಿಲ್ಲ. ಅವಳ ವಿಭಾಗದಲ್ಲಿದ್ದ ಐದು ಜನ ಮಾತ್ರ, ಅದೂ ಅವಳ ಬೆನ್ನ ಹಿಂದೆ, ಹಾಗೆನ್ನುತ್ತಿದ್ದರು. ಕೇಳಿಸಿದರೂ ಕೇಳಿಸದವಳಂತೆ ಇದ್ದುಬಿಟ್ಟಿದ್ದಳು. ನಗಲಿ ಬಿಡು, ನಗುವುದಕ್ಕಾದರೂ ನಾನು ಆದೆನಲ್ಲ ಎಂದು.

ಬಂದವನು ಆ ಐವರಲ್ಲಿ ಒಬ್ಬ. ಇಲ್ಲವೇ, ಆ ಐವರಲ್ಲಿ ಒಬ್ಬ ಕಳಿಸಿದವನು. ಜೀಪು ಬೀಳುವ ಮೊದಲೇ ಅವನ ಬಾಯಲ್ಲಿ ಅವಳ ಹೆಸರಿತ್ತು.

“ಮೇಡಂ?” ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. “ಯಾರು ಅಂತ ಗೊತ್ತಾಯ್ತಾ?”

“ಸತ್ತ ಡ್ರೈವರ್ ನಿನ್ನ ಹತ್ರ ಏನಾದ್ರೂ ಹೇಳ್ಕೊಂಡಿದ್ನಾ? ಯಾರ ಜೊತೆಗಾದ್ರೂ ತಕರಾರು, ಜಗಳ?”

“ಜಗಳ ಅಂತಲ್ಲ.” ಅವಳು ಯೋಚಿಸಿದಳು. “ಗಾಡಿ ತಗೊಂಡು ಹೋಗೋ ದಿನ ಹೇಳ್ತಿದ್ದ. ಚಾಸಿ ಅಷ್ಟು ಬಿರುಕು ಬಿಟ್ಟಿದ್ರೂ ಹಿಂದಿನ ತಿಂಗಳೇ ‘ಓಡಿಸಲು ಯೋಗ್ಯ’ ಅಂತ ನಿಮ್ಮ ಕಚೇರಿಯಿಂದ ಸರ್ಟಿಫಿಕೇಟ್ ಬಂದಿತ್ತಂತೆ. ಯಾರೂ ಬಾನೆಟ್ ಕೂಡ ಎತ್ತಿ ನೋಡಿಲ್ವಂತೆ. ಅದೇ ದಿನ ಇನ್ನೂ ಎಷ್ಟೋ ಗಾಡಿಗೆ ಹಾಗೇ ಕೊಟ್ಟಿದ್ದಾರೆ, ಪಟ್ಟಿ ಮಾಡಿ ನಿಮ್ಮ ಕಚೇರಿಗೆ ಎರಡು ಸಲ ಬರೆದಿದ್ದೀನಿ ಅಂದ. ನಿಮಗೆ ಬರ್ಲಿಲ್ವಾ?”

ಬಂದಿರಲಿಲ್ಲ. ಅಂಥ ದೂರುಗಳೆಲ್ಲ ಮೊದಲು ಅವಳ ಮೇಜಿಗೇ ಬರಬೇಕು. ಎರಡು ಕಾಗದಗಳು ಬಂದಿದ್ದವೆಂದರೆ, ಬಾಗಿಲಿನಿಂದ ಅವಳ ಮೇಜಿಗೆ ಇರುವ ಹದಿನೈದು ಹೆಜ್ಜೆಯಲ್ಲಿ ಯಾರೋ ಅವನ್ನು ತೆಗೆದಿದ್ದರು.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಹಳ ದೂರ ನಡೆದು ಬಂದು, ಮನೆ ಬೀಗ ಹಾಕಿದ್ದನ್ನು ಕಂಡವಳ ಹಾಗಾಯಿತು ಅಷ್ಟೇ. ಆ ಐವರ ಮಕ್ಕಳ ಹೆಸರು ಅವಳಿಗೆ ಗೊತ್ತು. ಯಾರಿಗೆ ಸಕ್ಕರೆ ಬೇಕು, ಯಾರಿಗೆ ಬೇಡ ಗೊತ್ತು. ಹಳಸುವ ಮುಂಚೆ ಡಬ್ಬಿ ತೆರೆದ ದಿನಗಳಲ್ಲಿ ಅವರ ಜೊತೆಯೇ ಹಂಚಿಕೊಂಡು ತಿಂದಿದ್ದಳು.

ಜೇಬಿನಲ್ಲಿ ಫೋನ್ ಅದುರಿತು. ಸಾಹೇಬರು.

“ಏನ್ರೀ, ಮುಗೀತಾ? ಮುದುಕನ ಹತ್ರ ಕೊನೇ ಹೇಳಿಕೆ ತಗೊಂಡ್ರಾ?”

“ತಗೋತಾ ಇದ್ದೀನಿ ಸಾರ್.”

“ಹೊಸದೇನಾದ್ರೂ ಹೇಳಿದ್ನಾ?”

ಹನ್ನೊಂದು ದಿನದಲ್ಲಿ ಸಾಹೇಬರು ಈ ಪ್ರಶ್ನೆಯನ್ನು ಕೇಳಿದ್ದು ಇದೇ ಮೊದಲು.

“ಇಲ್ಲ ಸಾರ್,” ಎಂದಳು ಇನ್‌ಸ್ಪೆಕ್ಟರಮ್ಮ. “ಅದೇ ಹಳೇ ಕಥೆ. ಸಂಜೆಗೆ ಫೈಲು ಮುಚ್ತೀನಿ.”

ಫೋನ್ ಇಟ್ಟು, ಅಂಗಳದ ಕಡೆ ನೋಡಿದಳು. ಕಚೇರಿಯ ಜೀಪು ಬಿಸಿಲಲ್ಲಿ ನಿಂತಿತ್ತು. ಬಿದ್ದ ಜೀಪಿನದೇ ಜಾತಿ. ಅವಳನ್ನು ಕರೆತಂದಿದ್ದ ಕಚೇರಿ ಡ್ರೈವರ್ ಊಟ ಮಾಡಿ ಬರುತ್ತೇನೆಂದು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಅವನೂ ಆ ಐವರಲ್ಲಿ ಒಬ್ಬ. ಅವಳು ಕೇಳದಿದ್ದರೂ ಕಚೇರಿಯವರು ನಿನ್ನೆ ಗಾಡಿಯನ್ನು ಸರ್ವೀಸಿಗೆ ಬಿಡಿಸಿದ್ದರು.

“ಒಂದು ಉಪಕಾರ ಮಾಡ್ತೀಯೇನಮ್ಮ?” ಅವಳ ದನಿ ಅವಳಿಗೇ ದೂರದ್ದೆನ್ನಿಸಿತು. “ನನ್ನ ಕೈಲಿ ಇವತ್ತು ಮಲಗಿ ಏಳೋಕಾಗಲ್ಲ. ಆ ಜೀಪಿನ ಕೆಳಗೆ ಒಂದ್ಸಲ ನೋಡು.”

ಮಗಳು ಯಾಕೆಂದು ಕೇಳಲಿಲ್ಲ. ಟಾರ್ಚು ಹಿಡಿದು ಅಂಗಳ ದಾಟಿ, ಮುಂದಿನ ಚಕ್ರದ ಪಕ್ಕದಲ್ಲಿ ಗೋಣಿತಟ್ಟು ಹಾಸಿ ಒಳಗೆ ಜಾರಿದಳು. ಇನ್‌ಸ್ಪೆಕ್ಟರಮ್ಮ ನಿಧಾನಕ್ಕೆ ಹಿಂದೆಯೇ ಹೋಗಿ, ಬಾನೆಟ್ಟಿನ ಮೇಲೆ ಕೈಯೂರಿ ನಿಂತಳು. ತಗಡು ಕೈಸುಡುತ್ತಿತ್ತು. ಕೈ ತೆಗೆಯಬೇಕೆಂದು ಹೊಳೆಯಲಿಲ್ಲ.

ಒಳಗೆ ಬೆಳಕು ಆಡಿತು. ಒಂದು ಕಡೆ ನಿಂತಿತು. ಉಗುರಿನಲ್ಲಿ ಕೆರೆದ ಸದ್ದು.

“ಮೇಡಂ,” ಕೆಳಗಿನಿಂದ ಮೆಲ್ಲಗೆ ದನಿ ಬಂತು. “ಸ್ಟೀರಿಂಗ್ ಬಾಕ್ಸಿನ ನಾಲ್ಕೂ ಬೋಲ್ಟು ಹೊಸದು. ತಲೆ ಉಜ್ಜಿ ಕಪ್ಪು ಬಣ್ಣ ಹೊಡೆದಿದ್ದಾರೆ. ಬಣ್ಣ ಇನ್ನೂ ಕೈಗೆ ಅಂಟುತ್ತೆ.”

ಬೆಳಿಗ್ಗೆ ಆ ಜೀಪಿನಲ್ಲಿ ಗುಡ್ಡ ಹತ್ತುವಾಗ ಡ್ರೈವರ್ ಯಾವ ತಿರುವಿನಲ್ಲೂ ಅವಸರ ಮಾಡಿರಲಿಲ್ಲ. ನಿಂತು, ಹಿಂದೆಮುಂದೆ ಮಾಡಿ, ತೊಟ್ಟಿಲು ತೂಗಿದಂತೆ ತಿರುಗಿಸಿದ್ದ. ಎಷ್ಟು ಒಳ್ಳೆಯವನು, ನನ್ನ ಮಂಡಿನೋವು ನೋಡಿ ನಿಧಾನಕ್ಕೆ ಓಡಿಸುತ್ತಿದ್ದಾನೆ ಎಂದುಕೊಂಡಿದ್ದಳು.

“ಮೇಡಂ, ಊಟ ಆಯ್ತಾ?”

ಡ್ರೈವರ್ ಗೇಟಿನಲ್ಲಿದ್ದ. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತ, ನಗುತ್ತ ಬಂದ.

“ಸಾಹೇಬ್ರು ಈಗ ತಾನೇ ಫೋನ್ ಮಾಡಿದ್ರು. ಆಸ್ಪತ್ರೆಯಿಂದ ಏನೋ ಕಾಗದ ತರ್ಬೇಕಂತೆ, ನಾನು ಇವತ್ತು ಇಲ್ಲೇ ಉಳಿದು ನಾಳೆ ಬಸ್ಸಿಗೆ ಬರ್ಬೇಕಂತೆ.” ಕೀಗೊಂಚಲನ್ನು ಅವಳ ಮುಂದೆ ಚಾಚಿದ. “ಗಾಡಿ ನೀವೇ ಇಳಿಸ್ಕೊಂಡು ಹೋಗ್ಬೇಕಂತೆ ಮೇಡಂ. ನಿಧಾನಕ್ಕೆ ಹೋಗಿ.”

ಇನ್‌ಸ್ಪೆಕ್ಟರಮ್ಮ ಕೈ ಚಾಚಿ ಕೀ ತೆಗೆದುಕೊಂಡಳು. ಅವನ ಬೆರಳುಗಳು ಬೆಚ್ಚಗಿದ್ದವು, ಎಂದಿನಂತೆ.

ಆಗ ಅವನ ಕಣ್ಣು ಕೆಳಕ್ಕೆ ಇಳಿದು, ಜೀಪಿನ ಅಡಿಯಿಂದ ಹೊರಚಾಚಿದ್ದ ಎರಡು ಪಾದಗಳ ಮೇಲೆ ನಿಂತಿತು.